ಹಸಿ ಲೇಪ

ಭಾವ,

ಕೆಮ್ಮು ಬಿಟ್ಟರೆ ಕ್ಷೇಮ. ನೀವು ನಿಮ್ಮ ಕ್ಲಿನಿಕ್ಕಿನಲ್ಲಿ ಮಗಳು ಪುಟ್ಟಿಯ ಹುಳುಕು ಹಲ್ಲಿಗೆ ಹಾಕಬೇಕೆಂದಿರುವ ಹೊಸ ಲೇಪವನ್ನು ಇಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಹಲ್ಲಿನ ತಿರುಳಿನ ಜೀವಕೋಶಗಳ ಮೇಲೆ ಪರೀಕ್ಷಿಸುತ್ತಿದ್ದೇವೆ. ರೂಢಿಯಂತೆ ಲೇಪ ಗಟ್ಟಿಯಾದ ಮೇಲೆ ಇಟ್ಟರೆ ಕೋಶಗಳು ಬದುಕುತ್ತವೆ. ನಾನು, ನೀವು ಹಲ್ಲಿಗೆ ಹಾಕುವ ಹಾಗೆ, ಹಸಿಯಾಗಿಯೇ ಇಟ್ಟೆ. ಬೆಳಿಗ್ಗೆ ನೋಡಿದರೆ ಕೋಶಗಳೆಲ್ಲ ತಟ್ಟೆಯ ತಳ ಬಿಟ್ಟು, ಉಂಡೆಯಾಗಿ, ಸತ್ತು ತೇಲುತ್ತಿದ್ದವು.

"ಹಲ್ಲುನೋವಿಗೆ ಮದ್ದು ಹುಡುಕು ಅಂದ್ರೆ ತಲೆನೋವು ತಂದ್ಯಲ್ಲಮ್ಮ!" ಎಂದರು ಮುಖ್ಯಸ್ಥರು.

"ಬಾಯೊಳಗೆ ಲೇಪ ಗಟ್ಟಿಯಾಗೋವರೆಗೂ ತಿರುಳು ಕಾಯುತ್ತಾ ಸಾರ್?" ಎಂದೆ.

ಇನ್ನೊಮ್ಮೆ ಪರೀಕ್ಷಿಸುತ್ತೇನೆ. ಅಲ್ಲಿಯವರೆಗೆ ಪುಟ್ಟಿಗೆ ಅದನ್ನು ಹಾಕಬೇಡಿ. ಫೋನಿನಲ್ಲಿ ಹೇಳಿದರೆ ನಕ್ಕು ಸುಮ್ಮನಾಗುತ್ತೀರಿ. ಈ ಅಂಚೆ ಕಾರ್ಡನ್ನಾದರೆ ನಿಮಗಿಂತ ಮೊದಲು ಅಕ್ಕ ಓದುತ್ತಾಳೆ.

ಅವಸರದಲ್ಲಿ,
ನಿಮ್ಮ ನಾದಿನಿ