ನಿಮ್ಮ ಲಿಪಿಯಲ್ಲೊಂದು ನಕಲು

ಮಂಗಳವಾರ, ಮಧ್ಯಾಹ್ನ

ಮಗಳ ಅಪ್ಪನವರಿಗೆ,

ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ಹುಬ್ಬು ಗಂಟಿಕ್ಕಿರುತ್ತೀರಿ. ಜಗಳ ಮುಂದುವರಿಸಲು ಬರೆಯುತ್ತಿಲ್ಲ. ನೀವು ಪೆಟ್ಟಿಗೆ ಎತ್ತಿಕೊಂಡು ಹೊಳೆಯಾಚೆ ತಮ್ಮನ ಮನೆಗೆ ಹೋದ ಮೇಲೆ ಜಗಳ ಎಳೆಯುವ ತ್ರಾಣ ನನಗೂ ಉಳಿದಿಲ್ಲ. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ. ಇದನ್ನು ನಿಮ್ಮ ಲಿಪಿಯಲ್ಲಿ ಬರೆದದ್ದು ನಿಮ್ಮನ್ನು ಒಲಿಸಿಕೊಳ್ಳಲು ಎಂದುಕೊಳ್ಳಬೇಡಿ. ನನ್ನದರಲ್ಲಿ ಬರೆದರೆ ಏನು ಬರೆದೆನೆಂದು ನನಗೇ ತಿಳಿಯುವುದಿಲ್ಲ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಪ್ರೆಸ್ಸಿನಲ್ಲಿ ಕರಡು ತಿದ್ದಲು ಕೂತೆ. ಹಾಳೆಯ ತುಂಬ ಯಾವುದೋ ಕಂಡರಿಯದ ದೇಶದ ಅಕ್ಷರ. ಮಶೀನು ನಡೆಸುವ ಗೊಣಗಣ್ಣನನ್ನು ಕರೆದು ಬಾಯಿಗೆ ಬಂದಂತೆ ಬೈದೆ. ಗೊಣಗದೆ ಒಂದು ಹಾಳೆಯನ್ನೂ ಮುಟ್ಟದ ಆಸಾಮಿ, ಅಂದು ಸಿಡುಕದೆ ಕರಡನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಸರಾಗವಾಗಿ ಓದಿದ. ಆಮೇಲೆ, “ಅಕ್ಕಾ, ಎಲ್ಲ ಸರಿಯಾಗೇ ಇದೆ. ನೀವು ಸ್ವಲ್ಪ ಕೂತ್ಕೊಳ್ಳಿ” ಅಂದ. ನನಗೆ ಭಯ ಆಗಬೇಕಿತ್ತು. ಆಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಹೇಳಿದಂತೆ ಕೂತೆ.

ಮೆದುಳಿನ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಕೈಕಾಲು, ಮಾತು, ನೆನಪು ಎಲ್ಲ ನೆಟ್ಟಗಿವೆ. ನನ್ನ ಲಿಪಿಯಲ್ಲಿ ಬರೆಯಲೂ ಬರುತ್ತದೆ, ಓದಲು ಮಾತ್ರ ಆಗದು. ಆಸ್ಪತ್ರೆಯ ಡಾಕ್ಟರಮ್ಮ ಮನೆಯ ವಿಳಾಸ ಬರೆಸಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಚೀಟಿ ತೋರಿಸಿದರು. ಇದು ಯಾರ ಬರಹ ಎಂದು ಕೇಳಿದೆ.

ಆಮೇಲೆ ಅವರು ಎರಡೂ ಲಿಪಿಯಲ್ಲಿ ಹೆಸರು ಅಚ್ಚಾಗಿದ್ದ ಔಷಧಿ ಡಬ್ಬಿ ಕೈಗಿಟ್ಟರು. ನಿಮ್ಮ ಲಿಪಿಯದ್ದು ಕಂಡ ಕೂಡಲೇ ಬಾಯಿಗೆ ಬಂತು. ಓದು ಪಳಗಿದವರು ಅಕ್ಷರಗಳನ್ನು ಒಂದೊಂದಾಗಿ ಕೂಡಿಸುವುದಿಲ್ಲವಂತೆ, ಇಡೀ ಪದವನ್ನು ಒಟ್ಟಿಗೆ ಹಿಡಿಯುತ್ತಾರಂತೆ. ಮೆದುಳಿನಲ್ಲಿ ಆ ಕೆಲಸದ ಜಾಗ ಎಲ್ಲ ಲಿಪಿಗೂ ಹೆಚ್ಚುಕಡಿಮೆ ಒಂದೇ ಆದರೂ, ಲಿಪಿ ಬದಲಾದರೆ ಒಳಗಿನ ದಾರಿಯೂ ಸ್ವಲ್ಪ ಬದಲಾಗಬಹುದು, ನನ್ನ ಪಾಲಿಗೆ ಒಂದು ಮುಚ್ಚಿ ಒಂದು ಉಳಿದಿದೆ, ಅಪರೂಪಕ್ಕೆ ಹೀಗೂ ಆಗುತ್ತದೆ ಎಂದರು. ತೊಟ್ಟಿಲಲ್ಲಿದ್ದಾಗಿನಿಂದ ಕಂಡ ಅಕ್ಷರ ಹೋಯಿತು. ಮದುವೆಗೆ ಮುಂಚೆ ನಿಮ್ಮ ಪತ್ರ ಓದಲೆಂದು ಕಲಿತ ಅಕ್ಷರ ಉಳಿಯಿತು. ಮಾತು ಒಂದೇ, ಬರೆಯುವ ಅಕ್ಷರ ಎರಡು ಎಂದು ಆಗ ಎರಡೂ ಮನೆಯವರು ನಮ್ಮನ್ನು ಗೋಳು ಹೊಯ್ದುಕೊಂಡಿದ್ದರಲ್ಲ. ಬೇಕಾದರೆ ನೀವು ಈಗಲೂ ನಗಬಹುದು, ನನಗೇನೂ ಅನ್ನಿಸುವುದಿಲ್ಲ.

ಪ್ರೆಸ್ಸಿನಲ್ಲಿ ನನ್ನನ್ನು ಪುಸ್ತಕದ ಕಟ್ಟು ಕಟ್ಟಲು ಹಾಕಿದ್ದಾರೆ. ಅದಕ್ಕಾಗಿ ಬರೆಯುತ್ತಿಲ್ಲ. ಮಗಳಿಗಾಗಿ ಬರೆಯುತ್ತಿದ್ದೇನೆ. ಅವಳಿಗೆ ಕಿವಿ ಕೇಳಿಸದು, ಫೋನು ನಮಗೆ ಉಪಯೋಗವಿಲ್ಲ. ಮನೆಯಲ್ಲಿದ್ದಾಗ ಕೈಸನ್ನೆಯಲ್ಲೇ ನನ್ನ ತಲೆ ತಿನ್ನುತ್ತಿದ್ದವಳು, ನಕ್ಷೆ ಬರೆಯುವ ಕೆಲಸ ಸಿಕ್ಕಿ ದೂರ ಹೋದ ಮೇಲೆ ವಾರಕ್ಕೊಂದು ಪತ್ರದಲ್ಲಿ ತಿನ್ನುತ್ತಾಳೆ. ಅವಳ ಶಾಲೆಯಲ್ಲಿ ಕಲಿಸಿದ್ದು ನನ್ನ ಲಿಪಿ ಮಾತ್ರ. ನಿಮ್ಮದು ಅವಳಿಗೆ ಬಾರದು.

ಒಂದು ಪತ್ರವನ್ನು ಮೇಲಿನ ಮನೆಯ ಟೈಲರಮ್ಮನಿಂದ ಓದಿಸಿದೆ. ಸಂಜೆಯೊಳಗೆ ಮಗಳ ರೂಮಿನವಳು ಗೊರಕೆ ಹೊಡೆಯುತ್ತಾಳೆಂದು ಕಟ್ಟಡಕ್ಕೆಲ್ಲ ಗೊತ್ತಾಗಿತ್ತು. ಗೊರಕೆ ಯಾರಿಗೆ ಕೇಳಿಸಿತು ಎಂದು ಯಾರೂ ಕೇಳಲಿಲ್ಲ. ಅದು ಹಾಳಾಗಲಿ. ಆ ಪತ್ರ ನೆನೆದರೆ ಈಗ ಟೈಲರಮ್ಮನ ದನಿಯೇ ಕಿವಿಯಲ್ಲಿ. ನನಗೆ ಅದು ಬೇಡ.

ಬೆರಳಿನಿಂದ ಅಕ್ಷರದ ಮೇಲೆ ತಿದ್ದಿದರೆ ಒಂದೊಂದೇ ಗುರುತು ಸಿಗುತ್ತದೆ ಎಂದು ಡಾಕ್ಟರಮ್ಮ ಹೇಳಿಕೊಟ್ಟರು. ಸಿಗುತ್ತದೆ. ಕಣ್ಣು ಮರೆತದ್ದು ಬೆರಳಿಗೆ ನೆನಪಿದೆ. ಆದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಜಾರಿಹೋಗುತ್ತದೆ, ಅವಳ ಬರಹವೋ ಕೋಳಿ ಕೆದರಿದ ಹಾಗೆ. ಒಂದು ಇಡೀ ಸಂಜೆ ಕೂತು ‘ಅಮ್ಮಾ’ ಎಂಬಲ್ಲಿಗೆ ಮುಟ್ಟಿದೆ. ಅಂದು ಮಾತ್ರ ಅತ್ತೆ.

ಆದ್ದರಿಂದ ಅವಳ ಪತ್ರಗಳನ್ನು ಇದರೊಳಗೆ ಇಟ್ಟಿದ್ದೇನೆ. ನಿಮಗೆ ಎರಡೂ ಓದಲು ಬರುತ್ತದಲ್ಲ, ನಿಮ್ಮ ಲಿಪಿಯಲ್ಲಿ ನಕಲು ಮಾಡಿ ಕಳಿಸಿ. ಅವಳು ನಿಮ್ಮನ್ನು ಬೈದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ, ನುಣ್ಣಗೆ ಮಾಡಬೇಡಿ. ನನ್ನ ಕಾಯಿಲೆಯ ವಿಷಯ ಅವಳಿಗೆ ತಿಳಿಸಿಲ್ಲ. ತಿಳಿದರೆ ಕೆಲಸ ಬಿಟ್ಟು ಬಂದು ಕೂರುತ್ತಾಳೆ. ನೀವೂ ತಿಳಿಸಬೇಡಿ.

ನಿಮ್ಮ ಮಂಡಿನೋವು ಹೇಗಿದೆ ಎಂದು ಕೇಳಬೇಕಿತ್ತು. ಕೇಳಿದ್ದೇನೆ ಎಂದುಕೊಳ್ಳಿ.

ಇಂತಿ,
ಅವಳ ತಾಯಿ

ಮತ್ತೊಂದು ಮಾತು: ಈ ಎರಡು ತಿಂಗಳೂ ಅವಳಿಗೆ ನಾನು ಉತ್ತರ ಬರೆಯುತ್ತಲೇ ಇದ್ದೇನೆ, ಓದದೆಯೇ. ಊಟ ಸರಿಯಾಗಿ ಮಾಡು, ಬೆಚ್ಚಗಿರು, ಇಂಥವು ಯಾವ ಪತ್ರಕ್ಕೂ ಒಪ್ಪುತ್ತವೆ. ಆದರೆ ಕೊನೆಯ ಪತ್ರ ಎಂದಿಗಿಂತ ದಪ್ಪ ಇತ್ತು. ಪ್ರಶ್ನೆ ಚಿಹ್ನೆಯ ಕೊಕ್ಕೆ ನನಗೆ ಇನ್ನೂ ಗುರುತು ಸಿಗುತ್ತದೆ. ಪುಟದ ತುದಿಯಲ್ಲಿ ಅದೊಂದೇ, ಕೆಳಗೆ ಎರಡು ಗೆರೆ ಎಳೆದಿದ್ದಳು. ನಾಲ್ಕು ದಿನ ನೋಡಿದೆ. ಮೌನವಾಗಿದ್ದರೆ ಅನುಮಾನ ಪಟ್ಟಾಳೆಂದು, ‘ಆಗಲಿ ಕಂದಾ, ನಿನಗೆ ಸರಿ ಕಂಡಂತೆ ಮಾಡು’ ಎಂದು ಬರೆದು ಅಂಚೆಗೆ ಹಾಕಿಬಿಟ್ಟೆ. ಉಳಿದ ಪತ್ರಗಳು ನಿಧಾನವಾಗಿ ಬರಲಿ. ನಾನು ಯಾವುದಕ್ಕೆ ಒಪ್ಪಿದ್ದೇನೆ, ಮೊದಲು ಅದನ್ನು ಬರೆದು ತಿಳಿಸಿ.