ನಾರಾದಲ್ಲಿ ಒಂದೂವರೆ ದಿನ

ಯೊಕೊಹಾಮಾ
ಅಕ್ಟೋಬರ್ 9, ಬುಧವಾರ

ನನ್ನ ಮುದ್ದಿನ ಕಾನೊಕೊ ಅಕ್ಕಾ,

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆಂದು ಆಶ್ಚರ್ಯಪಡಬೇಡ. ಟೊಮೊಹಿರೊ ಪಕ್ಕದ ಕೋಣೆಯಲ್ಲೇ ಇದ್ದಾರೆ, ನನ್ನ ಪಿಸುಮಾತು ಎಷ್ಟು ದೂರ ಕೇಳುತ್ತದೆಂದು ನಿನಗೆ ಗೊತ್ತು. ಮದುವೆಯಾಗಿ ಎಪ್ಪತ್ತೊಂದು ದಿನವಾಯಿತು, ಅವರ ಹೆಸರು ಬರೆದರೆ ಈಗಲೂ ನಗು ಬರುತ್ತದೆ. ಆದರೆ ಇವತ್ತು ನನಗೆ ತುಂಬಾ ಹೆದರಿಕೆಯಾಗಿದೆ, ಅಕ್ಕಾ.

ಶನಿವಾರ ಮೊದಲ ಸಲ ನಾರಾಕ್ಕೆ, ಮಾವ ಅರ್ಚಕರಾಗಿರುವ ಗುಡಿಯ ಆವರಣದಲ್ಲೇ ಇರುವ ಅತ್ತೆ ಮಾವನ ಮನೆಗೆ ಹೋಗುತ್ತಿದ್ದೇವೆ. ಒಂದೂವರೆ ದಿನಕ್ಕೆ ನಾನು ನಾಲ್ಕು ಪುಟದ ಯೋಜನೆ ಹಾಕಿದ್ದೆ: ದೊಡ್ಡ ಬುದ್ಧ, ಜಿಂಕೆಗಳಿಗೆ ಬಿಸ್ಕತ್ತು, ಎಲೆಯಲ್ಲಿ ಸುತ್ತಿದ ಸುಶಿ, ಸಂಜೆ ಕಲ್ಲುದೀಪಗಳ ದಾರಿ. ಭಾನುವಾರ ಬೆಳಿಗ್ಗೆಯ ಎದುರು ಮಾತ್ರ ಟೊಮೊಹಿರೊ 'ವಿಶ್ರಾಂತಿ' ಎಂದು ಬರೆದರು. ಪ್ರವಾಸಕ್ಕೆ ಹೋಗಿ ಎಂಥ ವಿಶ್ರಾಂತಿ ಎಂದು ಜಗಳ ತೆಗೆದೆ. ಅವರು ಪೆನ್ಸಿಲ್ ಹೆರೆಯುತ್ತ ಕುಳಿತರು.

ಹೋದ ವಾರ ಅತ್ತೆ ಫೋನ್ ಮಾಡಿ ನನ್ನ ತೋಳಿನ ಅಳತೆ ಕೇಳಿದ್ದರು. ಕಿಮೊನೊ ಉಡುಗೊರೆ ಬರುತ್ತದೆಂದು ನಾನು ಕುಣಿದಾಡಿದೆ. ಮಾತು ಮುಗಿಸುವಾಗ ಅವರು, "ನಮ್ಮ ಹಳೇ ಗುಡೀಲಿ ನಿಂಗೆ ಬೇಜಾರಾಗುತ್ತೋ ಏನೋ ಕಣಮ್ಮಾ" ಅಂದರು. ನಿನ್ನ ತಂಗಿಯ ಬಾಯಿ ಸುಮ್ಮನಿರುತ್ತದೆಯೇ? "ಬೇಜಾರ್ಯಾಕೆ ಅತ್ತೆ, ಅಲ್ಲೇ ಇದ್ದುಬಿಡೋಣ ಅನ್ಸುತ್ತೆ ನಂಗೆ" ಎಂದುಬಿಟ್ಟೆ. ಅತ್ತೆ ಆ ಮಾತನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿ ಫೋನ್ ಇಟ್ಟರು.

ನಿನ್ನೆ ಪಾರ್ಸೆಲ್ ಬಂತು. ಒಳಗೆ ಅತ್ತೆಯದೇ ಹಳೆಯ ಬೂದು ಕಿಮೊನೊ, ತೋಳು ನನಗೆ ಹೊಂದುವಂತೆ ಬಿಚ್ಚಿ ಹೊಲಿದದ್ದು. ಜೊತೆಗೆ ಒಂದು ಚೀಟಿ: 'ಭಾನುವಾರಕ್ಕೆ. ಎಲ್ಲರಿಗೂ ತಿಳಿಸಿದ್ದೇನೆ.' ಉಡುವುದು ಹೇಗೆಂದು ಕೇಳಲು ಕೆಳಗಿನ ಮನೆಯ ಉಏಶಿಮಾ ಆಂಟಿಯ ಹತ್ತಿರ ಹೋದೆ. ಅವರು ನಾರಾದವರೇ. ಬಣ್ಣ ನೋಡಿ, ನಡೆದದ್ದನ್ನೆಲ್ಲ ಕೇಳಿ, ತಲೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಹುಚ್ಚು ಹುಡುಗಿ, ಅದು ಗುಡಿ ಯಜಮಾನಿ ಉಡೋ ಬಣ್ಣ ಕಣೇ. ನಮ್ಮ ಕಡೆ ಬೇಜಾರಾಗುತ್ತೋ ಏನೋ ಅಂದ್ರೆ, ಬಂದು ನಡೆಸ್ಕೊಂಡು ಹೋಗ್ತೀಯಾ ಅಂತ. ನನ್ನ ಕೈಲೆಲ್ಲಿ ಆಗುತ್ತೆ ಅಂತ ಎರಡು ಮೂರು ಸಲ ಅನ್ನಬೇಕಿತ್ತು ನೀನು."

ನಮ್ಮಿಬ್ಬರನ್ನೂ ಅಪ್ಪ ಇಂಗ್ಲಿಷ್ ಶಾಲೆಗೆ ಹಾಕಿದ ಫಲ ಇದು, ಅಕ್ಕಾ. ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವುದನ್ನಷ್ಟೇ ಕಲಿತೆವು.

ಉಳಿದದ್ದನ್ನು ಆಂಟಿಯೇ ಬಿಡಿಸಿ ಹೇಳಿದರು. ಮಾವನ ಮಂಡಿನೋವು ನಿನಗೂ ಗೊತ್ತಲ್ಲ; ಅವರಿಗೆ ಮಂಡಿ ಮಡಿಸಿ ಪೂಜೆಗೆ ಕೂರಲಾಗದಿದ್ದರೆ ಮಗ ಆ ಜಾಗಕ್ಕೆ ಬರಬೇಕು. ಬಾರದಿದ್ದರೆ ದೊಡ್ಡ ಮಠದವರು ಬೇರೆ ಅರ್ಚಕರನ್ನು ಕಳಿಸುತ್ತಾರೆ. ಮನೆ ಗುಡಿಯದು, ಅತ್ತೆ ಮಾವ ಅದನ್ನು ಬಿಡಬೇಕು. ಚೀಟಿಯಲ್ಲಿ 'ಎಲ್ಲರಿಗೂ' ಎಂದದ್ದು ಗುಡಿಗೆ ನಡೆದುಕೊಳ್ಳುವ ಮನೆಗಳವರಿಗೆ, ಅವರೆಲ್ಲ ಭಾನುವಾರ ಸೇರುವುದು ಇದಕ್ಕೇ ಇರಬೇಕಂತೆ.

ರಾತ್ರಿ ಊಟದಲ್ಲಿ ಮೆಲ್ಲಗೆ ಕೆದಕಿದೆ. ಟೊಮೊಹಿರೊ ಬಟ್ಟಲು ಕೆಳಗಿಟ್ಟು, "ನೀನು ತಲೆ ಕೆಡಿಸ್ಕೋಬೇಡ. ಅಪ್ಪನ ಜಾಗಕ್ಕೆ ನಾನು ಬರಲ್ಲ ಅಂತ ಭಾನುವಾರ ಎಲ್ಲರೆದುರು ಹೇಳಿಬಿಡ್ತೀನಿ" ಅಂದರು. ಅವರು ಬರೆದ 'ವಿಶ್ರಾಂತಿ' ಇದೇ ಆಗಿತ್ತು. ನಾನು ಆಗಲೇ ಒಪ್ಪಿಕೊಂಡಿದ್ದೇನೆಂದು ಅವರಿಗೆ ಗೊತ್ತಿಲ್ಲ. ಕಿಮೊನೊ ಚಪ್ಪಲಿ ಕಪಾಟಿನಲ್ಲಿ ಮಳೆ ಬೂಟುಗಳ ಹಿಂದೆ ಇದೆ. ಆ ಜನರ ನಡುವೆ ನಾನು ಅದನ್ನುಟ್ಟು ಕುಳಿತಿರುವಾಗ ಟೊಮೊಹಿರೊ ಎದ್ದು ಇಲ್ಲ ಎಂದರೆ ಅತ್ತೆಯ ಮುಖ ಏನಾಗುತ್ತದೆ? ಈ ಕಾಗದ ಮುಗಿಸಿದ ಕೂಡಲೇ ಅತ್ತೆಗೆ ಫೋನ್ ಮಾಡಿ, ತಿಳಿಯದೆ ಆಡಿದೆ, ಕ್ಷಮಿಸಿ ಎನ್ನುತ್ತೇನೆ. ಸರಿ ತಾನೇ?

ನಿನ್ನ ಹೆದರುಪುಕ್ಕಿ,
ನಾಗಿಸಾ

ತಾ.ಕ.: ಟೊಮೊಹಿರೊ ಹಾಲು ತರಲು ಹೋದಾಗ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ನೀವು ಬಂದು ನಡೆಸುತ್ತೀರೆಂದು ತಿಳಿದ ಮೇಲೆ ಮಾವ ಎಷ್ಟೋ ತಿಂಗಳಿಗೆ ಮೊದಲ ಸಲ, ಚಹಾದಲ್ಲಿ ಬೇಯಿಸಿದ ಗಂಜಿಯನ್ನು ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡರು ಎಂದರು. ಕ್ಷಮೆ ಕೇಳುವ ಬದಲು, ಭಾನುವಾರ ಎಷ್ಟು ಹೊತ್ತಿಗೆ ಏಳಬೇಕು ಎಂದು ಕೇಳಿ ಬರೆದುಕೊಂಡೆ. ಐದಕ್ಕಂತೆ. ಉತ್ತರವನ್ನು ನನ್ನ ಆಫೀಸಿನ ವಿಳಾಸಕ್ಕೆ ಬರೆ, ಮನೆಗೆ ಬೇಡ.