ಸೋಮವಾರದಿಂದ ಮಳೆ

ಮಾರ್ಚ್ 9, ಸೋಮವಾರ

ಕಾಫಿ ಆಯಿತು. ಹವಾಮಾನ ನೋಡಿದ್ದೂ ಆಯಿತು. ರಿಟೈರ್ ಆದ ಮೇಲೆ ಇವೆರಡೂ ಒಟ್ಟಿಗೇ ಇಳಿಯಬೇಕು. ಮೊಬೈಲು ಹೇಳುತ್ತದೆ: ಮೂವತ್ತನಾಲ್ಕು ಡಿಗ್ರಿ, 'ಅನ್ನಿಸುವುದು' ಮೂವತ್ತಾರು. ಅನ್ನಿಸುವುದು ಯಾರಿಗೆ? ನನ್ನನ್ನಂತೂ ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಸೀತಾಲಕ್ಷ್ಮಿಗೆ ನಲವತ್ತೆರಡು ಅನ್ನಿಸುತ್ತಿದೆ. ಅದಕ್ಕೆ ನಾನೇ ಕಾರಣ ಎಂದೂ ಅನ್ನಿಸುತ್ತಿದೆ.

ಯುಗಾದಿಗೆ ಇನ್ನೂ ಹತ್ತು ದಿನ. ಬೇವು ಆಗಲೇ ಹೂ ಬಿಟ್ಟು, ಉದುರಿಸಿ, ಕೈ ತೊಳೆದುಕೊಂಡಿದೆ. ಕತ್ರಿಗುಪ್ಪೆಯ ನಮ್ಮ ಬೀದಿಯಲ್ಲಿ ಅರ್ಧ ಬೋರ್‌ವೆಲ್ ಕೆಮ್ಮುತ್ತಿವೆ. ಎದುರಾದವರು 'ತಿಂಡಿ ಆಯ್ತಾ' ಅನ್ನುವುದಿಲ್ಲ. 'ನೀರು ಬಂತಾ' ಅನ್ನುತ್ತಾರೆ.

ಇಡೀ ಬೀದಿಗೆ ಮಳೆ ಬೇಕು. ಒಬ್ಬನಿಗೆ ಮಾತ್ರ ಬೇಡ. ಆ ಪಾಪಿ ಈ ಡೈರಿಯ ಮಾಲೀಕ. ಇಪ್ಪತ್ತೆರಡನೇ ತಾರೀಖು, ಭಾನುವಾರ ಸಂಜೆ, ಮಗಳು ಸಂಹಿತಾಳಿಗೂ ಮಾಧವನಿಗೂ ನಿಶ್ಚಿತಾರ್ಥ. ನಮ್ಮ ಟೆರೇಸಿನ ಮೇಲೆ. ಹಾಲ್ ಬೇಡವಂತೆ.

"ಅಪ್ಪಾ, ಆಡಿ ಬೆಳೆದಿದ್ದು ಅಲ್ಲಿ. ಉಂಗುರಾನೂ ಅಲ್ಲೇ. ಮಳೆ ಗಿಳೆ ನಿಂಗೆ ಬಿಟ್ಟಿದ್ದು."

ಮಳೆಯನ್ನು ನನಗೆ ಬಿಟ್ಟಿದ್ದಾಳೆ! ಆಫೀಸಿನಲ್ಲಿ ಇದ್ದಷ್ಟು ವರ್ಷ ಫ್ಯಾನಿನ ಸ್ವಿಚ್ಚನ್ನೂ ಯಾರೂ ನನಗೆ ಬಿಟ್ಟಿರಲಿಲ್ಲ.

ಮಾರ್ಚ್ 12, ಗುರುವಾರ

ಟಿವಿ: ದಕ್ಷಿಣ ಒಳನಾಡಿನಲ್ಲಿ ಒಣ ಹವೆ, ಒಂದೆರಡು ಕಡೆ ಹಗುರ ಮಳೆ. ಆ ಒಂದೆರಡು ಕಡೆ ಯಾವುದು? ಹೇಳುವುದಿಲ್ಲ. ಗುಟ್ಟು.

ಮೊಬೈಲು: ಆ ಭಾನುವಾರ ಶೇಕಡ ನಲವತ್ತು. ಏನು ನಲವತ್ತು? ಟೆರೇಸಿನ ನಲವತ್ತು ಭಾಗ ನೆನೆಯುತ್ತದೋ? ಹಾಗಾದರೆ ಬೀಗರನ್ನು ಯಾವ ಭಾಗದಲ್ಲಿ ಕೂರಿಸುವುದು? ಸೀತಾಳನ್ನು ಕೇಳಿದೆ.

"ಆ ನಲವತ್ತರಲ್ಲಿ ನಿಮ್ಮಕ್ಕನ್ನ ಕೂರ್ಸಿ. ಎಲ್ಲಾದ್ರಲ್ಲೂ ಅವ್ರಿಗೆ ಮುಂದಿನ ಸಾಲೇ ಬೇಕಲ್ಲ."

ಶಾಮಿಯಾನದವನು ಬಂದಿದ್ದ. ಮಳೆ ತಡೆಯುತ್ತದೇನಪ್ಪಾ ಎಂದೆ. "ಸಾರ್, ಇದು ಬಿಸ್ಲಿಗೆ. ಮಳೆ ಬಂದ್ರೆ ಹೊರಗಡೆಗಿಂತ ಒಳಗಡೇನೇ ಜಾಸ್ತಿ ಬರುತ್ತೆ." ಇಷ್ಟು ಸ್ಪಷ್ಟವಾದ ಮುನ್ಸೂಚನೆ ಈ ವಾರದಲ್ಲಿ ಇದೊಂದೇ.

ಮಾರ್ಚ್ 15, ಭಾನುವಾರ

ಬೀದಿ ಸಂಘದ ಅಧ್ಯಕ್ಷ ಉಗ್ರಪ್ಪ ಬಂದರು. ಕೂತರು. ನೀರು ಕೇಳಿದರು, ಕುಡಿಯುವ ಮುಂಚೆ ಲೋಟವನ್ನು ಗೌರವದಿಂದ ನೋಡಿದರು.

"ಸೇತುರಾಮ್ ಸಾರ್, ಯುಗಾದಿ ದಿನ ಬೀದೀಲಿ ಪರ್ಜನ್ಯ ಜಪ ಇಟ್ಕೊಂಡಿದೀವಿ. ಮಳೆ ಬರ್ಲಿ ಅಂತ. ಎಲ್ಲಾರ ಪರವಾಗಿ ಸಂಕಲ್ಪಕ್ಕೆ ನೀವೇ ಕೂರ್ಬೇಕು."

"ನಾನಾ?"

"ನಿಮ್ಗಿಂತ ಶ್ರದ್ಧೆ ಯಾರಿಗಿದೆ ಸಾರ್? ದಿನಾ ಬೆಳಗ್ಗೆ ಟೆರೇಸಲ್ಲಿ ನಿಂತ್ಕೊಂಡು ಆಕಾಶ ನೋಡ್ತೀರ. ಬೀದಿ ಜನ ಎಲ್ಲಾ ನೋಡಿದಾರೆ."

ನೋಡುತ್ತಿದ್ದುದು ಮೋಡ ಇಲ್ಲ ತಾನೇ ಎಂದು. ಹೇಳಲಿಕ್ಕಾಗುತ್ತದೆಯೇ? ಒಪ್ಪಿಕೊಂಡೆ. ಒಳಗಿನಿಂದ ಸೀತಾ ಕೆಮ್ಮಿದಳು. ಬೋರ್‌ವೆಲ್ ಕೆಮ್ಮಲ್ಲ ಅದು.

ಮಾರ್ಚ್ 19, ಗುರುವಾರ. ಯುಗಾದಿ

ಬರೆಯಬಾರದು. ಬರೆಯುತ್ತೇನೆ.

ಪೆಂಡಾಲ್, ಮೈಕು, ಒಂದು ದೊಡ್ಡ ತಾಮ್ರದ ಕೊಳಗದಲ್ಲಿ ನೀರು. ಪುರೋಹಿತರು ಅನಂತಪದ್ಮನಾಭ ಆಚಾರ್ಯರು. ಸಂಕಲ್ಪ ಶುರುವಾಯಿತು. ಯಾವ ಖಂಡ, ಯಾವ ಸಂವತ್ಸರ, ಯಾವ ತಿಥಿ, ಯಾವ ವಾರ... ದೇವರಿಗೆ ವಿಳಾಸ ತಪ್ಪದ ಹಾಗೆ ಎಲ್ಲ ಬಿಡಿಸಿ ಹೇಳುತ್ತಿದ್ದಾರೆ. ನನಗನ್ನಿಸಿತು: ಇಷ್ಟೆಲ್ಲ ವಿವರ ಇರುವಲ್ಲಿ ಇನ್ನೊಂದು ಸೇರಿಸಿದರೆ ಏನು ಭಾರ? ಬಗ್ಗಿ ಪಿಸುಗುಟ್ಟಿದೆ.

"ಆಚಾರ್ರೇ, ಮಳೆ ಸೋಮವಾರದಿಂದ ಅಂತ ಒಂದ್ಮಾತು ಸೇರಿಸ್ಬಿಡಿ."

"ಯಾವ ಸೋಮವಾರ?"

"ಇದೇ ಬರೋ ಸೋಮವಾರ. ಭಾನುವಾರ ಮಗಳ ನಿಶ್ಚಿತಾರ್ಥ. ಟೆರೇಸಲ್ಲಿ."

ಆಚಾರ್ಯರು ಕಣ್ಣು ಮುಚ್ಚಿ ಯೋಚಿಸಿದರು. "ಇಂದುವಾಸರಮಾರಭ್ಯ ಅಂತೀನಿ. ಸಂಸ್ಕೃತದಲ್ಲಿ ಹೇಳ್ಬಿಟ್ರೆ ಯಾರಿಗೂ ಗೊತ್ತಾಗಲ್ಲ."

ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ನಾನು ಬಗ್ಗಿದ್ದು ಮೈಕಿನ ಕಡೆಗೆ. ನಮ್ಮ ಪಿಸುಮಾತು ಪೆಂಡಾಲ್ ದಾಟಿ, ತಿರುವಿನ ಇಸ್ತ್ರಿ ಅಂಗಡಿಯವರೆಗೂ ಹೋಗಿ ಬಂತು. ಎದುರು ಮನೆಯ ಅಣ್ಣಮ್ಮ ನನ್ನನ್ನೇ ನೋಡುತ್ತಿದ್ದರು. ಬೀದಿಯಲ್ಲಿ ಮೊದಲು ಬತ್ತಿದ್ದು ಅವರ ಬೋರ್‌ವೆಲ್. ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರನ್ನು ಕೊಡಗಳಲ್ಲಿ ಹಿಡಿದಿಟ್ಟುಕೊಂಡು ಸಂಸಾರ ಮಾಡುತ್ತಿದ್ದಾರೆ.

ಜಪ ಮುಗಿಯಿತು. ಯಾರೂ ಬೈಯಲಿಲ್ಲ. ಅದೇ ಅರ್ಥವಾಗುತ್ತಿಲ್ಲ.

ಮಾರ್ಚ್ 20, ಶುಕ್ರವಾರ

ಬೈಯದ್ದು ಯಾಕೆಂದು ಅರ್ಥವಾಯಿತು. ಸೊಪ್ಪು ತರಲು ಹೋದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಈಗ ನಾನೇ ಮಳೆ ಇಲಾಖೆ.

"ಸಾರ್, ಸೋಮವಾರ ಬೆಳಗ್ಗೇನಾ, ಸಂಜೇನಾ? ಬೆಡ್‌ಶೀಟ್ ಒಗೀಬೇಕಿತ್ತು."

"ಅಂಕಲ್, ಮಂಗಳವಾರ ನಮ್ಮ ಗೃಹಪ್ರವೇಶ. ಸ್ವಲ್ಪ ಅಡ್ಜಸ್ಟ್ ಮಾಡ್ಸಿ."

ಸಂಹಿತಾ ಫೋನು ಹಿಡಿದು ಬಂದಳು. "ಅಪ್ಪಾ, ಮಾಧವನ ಮನೇವ್ರಿಗೂ ಗೊತ್ತಾಗೋಗಿದೆ. ಸಖತ್ ನಗ್ತಿದಾರೆ." ನಂತರ ಮೆತ್ತಗೆ, "ಬರಲ್ಲ ತಾನೆ?" ಎಂದಳು. ಬರಲ್ಲ ಎಂದೆ. ಯಾವ ಆಧಾರದ ಮೇಲೆ ಹೇಳಿದೆನೋ ನನಗೇ ತಿಳಿಯದು.

ಮಾರ್ಚ್ 22, ಭಾನುವಾರ. ಬೆಳಗ್ಗೆ

ಮೋಡವೇ ಇಲ್ಲ. ತೊಳೆದಿಟ್ಟ ಸ್ಟೀಲ್ ತಟ್ಟೆಯಂಥ ಆಕಾಶ. ಗೆದ್ದೆ!

ಅದೇ ದಿನ, ಮಧ್ಯಾಹ್ನ

ಸೋತೆ. ನಮ್ಮ ಬೋರ್‌ವೆಲ್ ನಿಂತಿತು. ಎರಡು ಸಲ ಕೆಸರು ಉಗುಳಿತು, ಆಮೇಲೆ ಬರೀ ಗಾಳಿ. ಟ್ಯಾಂಕರಿನವರು ಎಲ್ಲರದೂ ಒಂದೇ ಮಾತು — ನಾಳೆ. ಮೇಲಿನಿಂದ ನೀರು ಬೇಡ ಎಂದಿದ್ದೆ. ಕೆಳಗಿನಿಂದಲೂ ಬೇಡ ಎಂದು ತಿಳಿದುಕೊಂಡರೋ ಏನೋ.

ಅಡಿಗೆ ಭಟ್ಟರು ಸೌಟು ಕೆಳಗಿಟ್ಟರು. "ಸ್ವಾಮೀ, ಎಂಬತ್ತು ಜನಕ್ಕೆ ಅನ್ನ ಆಗ್ಬೇಕು. ಬೆವರಲ್ಲಿ ಬೇಯಿಸ್ಲಾ?"

ಸಂಹಿತಾ ಮೆಹಂದಿ ಹಾಕಿದ ಕೈಗಳನ್ನು ಎತ್ತಿ ಹಿಡಿದುಕೊಂಡು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಣ್ಣಲ್ಲಿ ಮಾತ್ರ ನೀರಿತ್ತು.

"ಹೋಗಿ, ಬೀದೀಲಿ ಕೇಳಿ," ಎಂದಳು ಸೀತಾ.

"ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಇರೋದೊಂದೇ ಅಲ್ವಾ? ಅದನ್ನೇ ಇಟ್ಕೊಂಡ್ ಹೋಗಿ."

ಬಿಂದಿಗೆ ಹಿಡಿದು ಅಣ್ಣಮ್ಮನ ಗೇಟಿನ ಮುಂದೆ ನಿಂತೆ. ಹೇಳಿದೆ. ಅವರು ತಿರುಗಿ ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬಂದರು.

"ತಗೊಳ್ಳಿ ಸಾರ್. ಇದು ಭಾನುವಾರದ ನೀರು. ಸೋಮವಾರದ್ದು ನೀವ್ ಕೊಡಿ."

ಆಮೇಲೆ ಬೀದಿಗೆ ತಿರುಗಿ ಒಂದು ಕೂಗು: "ಏಯ್ ಉಗ್ರಪ್ಪಾ! ನಮ್ಮ ಹುಡ್ಗಿ ನಿಶ್ಚಿತಾರ್ಥ ಕಣಪ್ಪಾ, ಮನೆಗೊಂದ್ ಕೊಡ ಎತ್ರಿ!"

ಎತ್ತಿದರು. ಬಂದ ಪ್ರತಿ ಕೊಡದ ಜೊತೆ ಒಂದೊಂದು ಚುಚ್ಚು ಮಾತು. ಎರಡನ್ನೂ ಇಳಿಸಿಕೊಂಡೆ.

ಅದೇ ದಿನ, ಸಂಜೆ

ಉಂಗುರ ಆಯಿತು. ಟೆರೇಸಿನಲ್ಲೇ. ಒಂದು ಹನಿ ಬೀಳಲಿಲ್ಲ. ಕೊಡ ತಂದವರನ್ನೆಲ್ಲ ಊಟಕ್ಕೆ ಕೂರಿಸಿದೆವು. ಬೀಗರು ಸಾರು ಹಾಕಿಸಿಕೊಂಡು "ನೀರು ಬಹಳ ಸಿಹಿ ನಿಮ್ಮ ಕಡೆ" ಎಂದರು. ಅಣ್ಣಮ್ಮ ತಲೆ ಎತ್ತದೆ ಪಾಯಸ ಉಂಡರು. ಸಂತೋಷವೋ, ಅವಮಾನವೋ... ಎರಡೂ ಒಂದೇ ಎಲೆಯಲ್ಲಿ ಬಡಿಸಿದ ಹಾಗೆ.

ಮಾರ್ಚ್ 23, ಸೋಮವಾರ. ಬೆಳಗ್ಗೆ

ಹಾಲಿಗೆಂದು ಗೇಟು ತೆಗೆದೆ. ಮುಂದೆ ಕೊಡಗಳು. ಬೀದಿಯ ಅಷ್ಟೂ ಕೊಡಗಳು. ಖಾಲಿ. ಸಾಲಾಗಿ, ಬಾಯಿ ಮೇಲೆ ಮಾಡಿಕೊಂಡು. ಅಣ್ಣಮ್ಮ ತಮ್ಮ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದರು.

"ಸೋಮವಾರ ಆಯ್ತಲ್ಲ ಸಾರ್."

ತಮಾಷೆಯೋ ನಿಜವೋ? ಮುಖ ನೋಡಿದರೆ ಗೊತ್ತಾಗುವುದಿಲ್ಲ. ಟಿವಿ: ಒಣ ಹವೆ. ಮೊಬೈಲು: ಶೇಕಡ ಹತ್ತು. ಆ ಹತ್ತು ಈ ಕೊಡಗಳ ಮೇಲೇ ಬೀಳಲಿ, ಭಗವಂತಾ. ಇವತ್ತು ಈ ಬೀದಿಯಲ್ಲಿ ನನ್ನಷ್ಟು ಮಳೆ ಬೇಕಾದವನು ಯಾವನೂ ಇಲ್ಲ.

ಡೈರಿ ಟೆರೇಸಿಗೇ ತಂದಿದ್ದೇನೆ. ಹೊಸಕೆರೆಹಳ್ಳಿ ಕಡೆ ಒಂದು ಮೋಡ. ಸಣ್ಣದು, ಕಪ್ಪು. ಬರುತ್ತಿದೆ. ಕೆಳಗೆ ಉಗ್ರಪ್ಪನೂ ನೋಡುತ್ತಿದ್ದಾರೆ. ಬಂತು... ಇಸ್ತ್ರಿ ಅಂಗಡಿಯ ಮೇಲೆ ಬಂತು... ಅಯ್ಯೋ, ತಿರುಗುತ್ತಿದೆ. ಸಾರಕ್ಕಿ ಕಡೆಗೆ. ಏಯ್... ಏಯ್, ಇಲ್ಲಿ ಕಣಪ್ಪಾ, ಇಲ್ಲಿ —